ತೀರ್ಪನ್ನು ಜನರಿಗೆ ತಿಳಿಯುವಂತೆ ಬರೆಯುವುದು ಹೇಗೆ: ಕೊನೆಯ ಪುಟದಿಂದ ಶುರು ಮಾಡುವವರಿಗೆ ಮಾರ್ಗದರ್ಶಿ

ಕೋರ್ಟ್ ಹೇಳಿದ್ದು ಬೇರೆ, ಕೋರ್ಟ್ ಆದೇಶಿಸಿದ್ದು ಬೇರೆ. ತೀರ್ಪುಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟವರ ಕರಡುಗಳನ್ನು ತಿದ್ದುವಾಗ ಅಂಚಿನಲ್ಲಿ ನಾನು ಅತಿ ಹೆಚ್ಚು ಸಲ ಬರೆದಿರುವುದು ಈ ಮಾತನ್ನೇ. ವರದಿಗಾರರು, ಕಾನೂನು ವಿದ್ಯಾರ್ಥಿಗಳು, ಅರೆಕಾನೂನು ಸ್ವಯಂಸೇವಕರು ಎಲ್ಲರೂ ಎಡವುವುದು ಇಲ್ಲೇ. ಅವರಿಗೆ ಭಾಷೆ ಬರುತ್ತದೆ, ಶ್ರದ್ಧೆಯೂ ಇರುತ್ತದೆ. ತಪ್ಪುವುದು ಓದುವ ಕ್ರಮ. ಹಾಗಾಗಿ ಇಲ್ಲಿ ಕ್ರಮಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಹಂತಗಳನ್ನು ಹಿಂದೆಮುಂದೆ ಮಾಡಬೇಡಿ.

ಮೊದಲು ಕೈಯಲ್ಲಿರಬೇಕಾದವು

ತೀರ್ಪಿನ ಪೂರ್ಣ ಪ್ರತಿ. ಅದರಲ್ಲಿ ಪ್ರಸ್ತಾಪವಾಗಿರುವ ಕಾಯ್ದೆಯ ಮೂಲ ಪಠ್ಯ, ವ್ಯಾಖ್ಯಾನವಿಲ್ಲದ ಬರೀ ಕಾಯ್ದೆ. ಮೂರು ಬಣ್ಣದ ಪೆನ್ಸಿಲ್. ಒಂದು ನೋಟ್ ಪುಸ್ತಕ. ಕ್ರಿಮಿನಲ್ ಪ್ರಕರಣವಾದರೆ ಹಳೆಯ ದಂಡ ಸಂಹಿತೆ ಮತ್ತು ಹೊಸ ಭಾರತೀಯ ನ್ಯಾಯ ಸಂಹಿತೆಯ ಕಲಮುಗಳನ್ನು ಎದುರುಬದುರು ಇಟ್ಟಿರುವ ಕೋಷ್ಟಕ. ಕೊನೆಯದಾಗಿ, ಕಾನೂನು ಓದಿರದ ಒಬ್ಬ ಓದುಗ. ಈ ಕೊನೆಯ ಸಾಮಗ್ರಿಯನ್ನು ಎಲ್ಲರೂ ಬಿಡುತ್ತಾರೆ. ಬರಹ ಸೋಲುವುದಕ್ಕೆ ಅದೂ ಒಂದು ಕಾರಣ.

ಹಂತ 1: ಮೂಲ ಪ್ರತಿಯನ್ನು ಹಿಡಿಯಿರಿ

ಸುದ್ದಿ ಓದಿ ತೀರ್ಪಿನ ಬಗ್ಗೆ ಬರೆಯಬಾರದು. ಸುಪ್ರೀಂ ಕೋರ್ಟಿನ ತೀರ್ಪುಗಳು ಅದರ ಜಾಲತಾಣದಲ್ಲೂ ಇ-ಎಸ್‌ಸಿಆರ್ ಎಂಬ ಆನ್‌ಲೈನ್ ಸಂಗ್ರಹದಲ್ಲೂ ಉಚಿತವಾಗಿ ಸಿಗುತ್ತವೆ. ಹೈಕೋರ್ಟಿನವು ಹೈಕೋರ್ಟಿನ ತಾಣದಲ್ಲಿವೆ. ಕೆಳಹಂತದ ನ್ಯಾಯಾಲಯಗಳ ಆದೇಶ ಬೇಕಾದರೆ ಇ-ಕೋರ್ಟ್ಸ್ ಸೇವೆಯಲ್ಲಿ ಪ್ರಕರಣದ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ (ಪ್ರತಿ ಪ್ರಕರಣಕ್ಕೂ ಕೊಡುವ ಗುರುತಿನ ಸಂಖ್ಯೆ) ಹಾಕಿ ಹುಡುಕಿ.

ಈಗ ತೀರ್ಪುಗಳಿಗೆ ತಟಸ್ಥ ಉಲ್ಲೇಖ ಸಂಖ್ಯೆ, ಅಂದರೆ ನ್ಯಾಯಾಲಯವೇ ಕೊಡುವ ಗುರುತಿನ ಸಂಖ್ಯೆ ಇರುತ್ತದೆ. ಸುಪ್ರೀಂ ಕೋರ್ಟಿನದಾದರೆ ವರ್ಷ, ಐಎನ್‌ಎಸ್‌ಸಿ, ಕ್ರಮಸಂಖ್ಯೆ; ಕರ್ನಾಟಕ ಹೈಕೋರ್ಟಿನದಾದರೆ ವರ್ಷ, ಕೆಎಚ್‌ಸಿ, ಕ್ರಮಸಂಖ್ಯೆ. ಆ ಸಂಖ್ಯೆಯನ್ನು ನೋಟ್ ಪುಸ್ತಕದ ಮೊದಲ ಸಾಲಿನಲ್ಲಿ ಬರೆದುಕೊಳ್ಳಿ, ಬರಹದಲ್ಲೂ ಕೊಡಿ. ಅನುಮಾನ ಬಂದ ಓದುಗ ಮೂಲವನ್ನು ತಾನೇ ತೆಗೆದು ನೋಡುವಂತಿರಬೇಕು.

ಸಂವಿಧಾನದ 348ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳ ಕಲಾಪ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕೆಲವು ತೀರ್ಪುಗಳ ಕನ್ನಡ ಅನುವಾದವನ್ನು ನ್ಯಾಯಾಲಯವೇ ಪ್ರಕಟಿಸುತ್ತದೆ. ಅದನ್ನು ಪದಗಳಿಗಾಗಿ ನೋಡಿ, ಆದರೆ ಅದರ ಮೇಲೆ ಭಾರ ಹಾಕಬೇಡಿ. ಅಧಿಕೃತವಾದದ್ದು ಇಂಗ್ಲಿಷ್ ಪಠ್ಯವೇ ಎಂದು ಆ ಅನುವಾದಗಳಲ್ಲೇ ಬರೆದಿರುತ್ತದೆ.

ಎಚ್ಚರಿಕೆಯ ಗುರುತು: ವಿಚಾರಣೆಯ ನೇರಪ್ರಸಾರದ ತುಣುಕು ಅಥವಾ "ನ್ಯಾಯಮೂರ್ತಿಗಳು ಛೀಮಾರಿ ಹಾಕಿದರು" ಎಂಬ ಸುದ್ದಿ ಮಾತ್ರ ಇದ್ದು ಆದೇಶದ ಪ್ರತಿ ಇಲ್ಲದಿದ್ದರೆ, ಅಲ್ಲಿ ತೀರ್ಪೇ ಇಲ್ಲ. ವಾದದ ನಡುವೆ ನ್ಯಾಯಮೂರ್ತಿಗಳು ಕೇಳುವ ಪ್ರಶ್ನೆ ಎಷ್ಟೇ ಖಾರವಾಗಿದ್ದರೂ ಸಹಿ ಬಿದ್ದ ಆದೇಶದಲ್ಲಿ ಸೇರದಿದ್ದರೆ ಅದು ಯಾರನ್ನೂ ಬಂಧಿಸುವುದಿಲ್ಲ.

ಹಂತ 2: ಮೊದಲ ಪುಟದಿಂದ ಐದು ಸಂಗತಿ ತೆಗೆಯಿರಿ

ಯಾವ ನ್ಯಾಯಾಲಯ, ಎಷ್ಟು ನ್ಯಾಯಮೂರ್ತಿಗಳು, ಯಾವ ದಿನಾಂಕ, ಯಾರ ವಿರುದ್ಧ ಯಾರು, ಯಾವ ಬಗೆಯ ಅರ್ಜಿ. ಇಷ್ಟೇ. ಐದು ನಿಮಿಷದ ಕೆಲಸ.

ಈ ಐದರಲ್ಲಿ ಕಡೆಯದನ್ನು ಅಸಡ್ಡೆ ಮಾಡುವವರು ಹೆಚ್ಚು. ಜಾಮೀನು ಅರ್ಜಿಯ ಆದೇಶಕ್ಕೂ ಮೇಲ್ಮನವಿಯ ತೀರ್ಪಿಗೂ ಅಜಗಜಾಂತರ. ಜಾಮೀನು ಸಿಕ್ಕಿತೆಂದರೆ ಆರೋಪ ಸುಳ್ಳು ಎಂದಾಗಲಿಲ್ಲ. ವಿಚಾರಣೆ ಮುಗಿಯುವತನಕ ಹೊರಗಿರಬಹುದು ಎಂದಷ್ಟೇ. ಜಾಮೀನು ಆದೇಶಗಳ ಕೊನೆಯಲ್ಲಿ "ಇಲ್ಲಿನ ಅಭಿಪ್ರಾಯಗಳು ಈ ಅರ್ಜಿಗೆ ಮಾತ್ರ ಸೀಮಿತ" ಎಂಬರ್ಥದ ಸಾಲು ಬಹುತೇಕ ಇರುತ್ತದೆ. ಬರೆಯುವವರು ಅದನ್ನೇ ಬಿಟ್ಟುಬಿಡುತ್ತಾರೆ.

ಯಾವ ನ್ಯಾಯಾಲಯ ಎಂಬುದರಿಂದ ತೀರ್ಪಿನ ವ್ಯಾಪ್ತಿ ಗೊತ್ತಾಗುತ್ತದೆ. ಸುಪ್ರೀಂ ಕೋರ್ಟ್ ಘೋಷಿಸಿದ ಕಾನೂನು 141ನೇ ವಿಧಿಯಂತೆ ದೇಶದ ಎಲ್ಲ ನ್ಯಾಯಾಲಯಗಳಿಗೂ ಅನ್ವಯ. ಕರ್ನಾಟಕ ಹೈಕೋರ್ಟಿನದು ಕರ್ನಾಟಕದ ಕೆಳಹಂತದ ನ್ಯಾಯಾಲಯಗಳಿಗೆ ಕಡ್ಡಾಯ. ಬಾಂಬೆ ಅಥವಾ ಮದ್ರಾಸ್ ಹೈಕೋರ್ಟಿನ ತೀರ್ಪನ್ನು ಇಲ್ಲಿನ ನ್ಯಾಯಾಧೀಶರು ಒಪ್ಪಬಹುದು, ಬಿಡಲೂಬಹುದು. ಸಿವಿಲ್ ನ್ಯಾಯಾಲಯದ ತೀರ್ಪು ಸಾಮಾನ್ಯವಾಗಿ ಆ ದಾವೆಯ ಪಕ್ಷಗಾರರ ನಡುವಿನದು ಮಾತ್ರ. "ಇನ್ನು ಮುಂದೆ ಎಲ್ಲರಿಗೂ" ಎಂದು ಬರೆಯಲು ಕೈ ಹೋದಾಗ ಈ ಏಣಿಯನ್ನು ನೆನೆಯಿರಿ.

ಹಂತ 3: ಈಗ ಕೊನೆಯ ಪುಟಕ್ಕೆ ಹೋಗಿ

ನಡುವಿನದನ್ನು ಓದಬೇಡಿ. ನೇರವಾಗಿ ಆದೇಶದ ಭಾಗಕ್ಕೆ ಹೋಗಿ. ಅದನ್ನು ನೋಟ್ ಪುಸ್ತಕದಲ್ಲಿ ಅಕ್ಷರಶಃ ಬರೆದುಕೊಳ್ಳಿ. ಟೈಪ್ ಮಾಡಿಯೋ ಕತ್ತರಿಸಿ ಅಂಟಿಸಿಯೋ ಮುಗಿಸಬೇಡಿ. ಕೈಯಿಂದ ಬರೆಯುವಾಗ "ಭಾಗಶಃ", "ಮುಂದಿನ ವಿಚಾರಣೆಯವರೆಗೆ", "ಷರತ್ತಿಗೊಳಪಟ್ಟು" ಮುಂತಾದ ಚಿಕ್ಕ ಪದಗಳು ಕಣ್ಣಿಗೆ ಬೀಳುತ್ತವೆ.

ಪಾಲು ವಿಭಾಗದ ದಾವೆಯ ಒಂದು ಮಾದರಿ ಆದೇಶ ನೋಡಿ:

"ವಾದಿಯ ದಾವೆಯನ್ನು ಭಾಗಶಃ ಡಿಕ್ರಿ ಮಾಡಲಾಗಿದೆ. ವಾದಿಯು ಅನುಸೂಚಿ 'ಎ' ಸ್ವತ್ತಿನಲ್ಲಿ ನಾಲ್ಕನೇ ಒಂದು ಹಿಸ್ಸೆಗೆ ಹಕ್ಕುಳ್ಳವಳೆಂದು ಘೋಷಿಸಲಾಗಿದೆ. ಅನುಸೂಚಿ 'ಬಿ' ಸ್ವತ್ತಿಗೆ ಸಂಬಂಧಿಸಿದಂತೆ ದಾವೆಯನ್ನು ವಜಾಗೊಳಿಸಲಾಗಿದೆ. ಉಭಯ ಪಕ್ಷಗಾರರು ತಮ್ಮ ತಮ್ಮ ವೆಚ್ಚವನ್ನು ಭರಿಸತಕ್ಕದ್ದು. ಅದರಂತೆ ಪ್ರಾಥಮಿಕ ಡಿಕ್ರಿ ತಯಾರಿಸತಕ್ಕದ್ದು."

ಇಲ್ಲಿ 'ಎ' ಜಮೀನು, 'ಬಿ' ಮನೆ ಎಂದಿಟ್ಟುಕೊಳ್ಳಿ. "ಮಗಳಿಗೆ ಗೆಲುವು" ಎಂದು ಬರೆದರೆ ಅದು ಅರೆಸತ್ಯ. ಜಮೀನಿನಲ್ಲಿ ಪಾಲು ಸಿಕ್ಕಿದೆ, ಮನೆಯಲ್ಲಿ ಸಿಕ್ಕಿಲ್ಲ. ಅದಕ್ಕಿಂತ ಮುಖ್ಯವಾದದ್ದು ಕೊನೆಯ ವಾಕ್ಯ. ಪ್ರಾಥಮಿಕ ಡಿಕ್ರಿ ಪಾಲು ಎಷ್ಟು ಎಂದು ಹೇಳುತ್ತದೆಯೇ ಹೊರತು ಯಾವ ಕಡೆಯ ಎಷ್ಟು ಗುಂಟೆ ಯಾರದು ಎಂದು ಹೇಳುವುದಿಲ್ಲ. ಅಳೆದು, ಗಡಿ ಗುರುತಿಸಿ, ಸ್ವಾಧೀನ ಕೊಡಿಸುವುದು ಅಂತಿಮ ಡಿಕ್ರಿಯ ಪ್ರಕ್ರಿಯೆಯಲ್ಲಿ. ವಕೀಲರ ಬಾಯಲ್ಲಿ ಇದು ಎಫ್‌ಡಿಪಿ (ಫೈನಲ್ ಡಿಕ್ರಿ ಪ್ರೊಸೀಡಿಂಗ್ಸ್). ಪ್ರಾಥಮಿಕ ಡಿಕ್ರಿಯ ಪ್ರತಿಯನ್ನು ಟ್ರಂಕಿನಲ್ಲಿಟ್ಟು, ಗೆದ್ದೆವು ಎಂದು ವರ್ಷಗಟ್ಟಲೆ ಮನೆಯಲ್ಲೇ ಕುಳಿತ ಕುಟುಂಬಗಳನ್ನು ಕಂಡಿದ್ದೇನೆ. ಅವರ ಹೊಲ ಇನ್ನೂ ಅಣ್ಣತಮ್ಮಂದಿರ ಉಳುಮೆಯಲ್ಲೇ ಇತ್ತು. ಅವರಿಗೆ ಯಾರಾದರೂ ಈ ಒಂದೇ ಸಾಲನ್ನು ಬಿಡಿಸಿ ಹೇಳಬೇಕಿತ್ತು.

ಆದೇಶ ಬರೆದುಕೊಂಡ ಮೇಲೆ ಅದರ ಕೆಳಗೆ ಮೂರು ಪ್ರಶ್ನೆ ಹಾಕಿ, ಪ್ರತಿಯೊಂದಕ್ಕೂ ಒಂದು ವಾಕ್ಯದ ಉತ್ತರ ಬರೆಯಿರಿ. ನಿನ್ನೆಯವರೆಗೆ ಇದ್ದದ್ದೇನು? ಇವತ್ತು ಬದಲಾದದ್ದೇನು? ಯಾರು, ಎಷ್ಟು ದಿನದೊಳಗೆ, ಏನು ಮಾಡಬೇಕು? ಎರಡನೆಯದಕ್ಕೆ "ಏನೂ ಬದಲಾಗಿಲ್ಲ" ಎಂಬ ಉತ್ತರ ಬಂದರೆ ಹೆದರಬೇಡಿ. ಎಷ್ಟೋ ಆದೇಶಗಳು ಹಾಗೇ ಇರುತ್ತವೆ, ಓದುಗನಿಗೆ ಅದು ತಿಳಿಯುವುದೂ ಮುಖ್ಯ.

ಹಂತ 4: ಯಾರ ಮಾತು ಯಾರದು ಎಂದು ಬಣ್ಣ ಹಚ್ಚಿ

ಈಗ ಮೊದಲಿನಿಂದ ಓದಿ. ನಡೆದ ಸಂಗತಿಗೆ ಒಂದು ಬಣ್ಣ, ಎರಡೂ ಕಡೆಯ ವಕೀಲರ ವಾದಕ್ಕೆ ಇನ್ನೊಂದು, ನ್ಯಾಯಾಲಯದ ಸ್ವಂತ ಮಾತಿಗೆ ಮೂರನೆಯದು. ಪ್ರತಿ ಪ್ಯಾರಾದ ಅಂಚಿನಲ್ಲೂ ಗೆರೆ ಎಳೆಯಿರಿ.

ದೀರ್ಘ ತೀರ್ಪಿನಲ್ಲಿ ವಾದವೇ ಹತ್ತಾರು ಪುಟ ಇರುತ್ತದೆ. ವಾದಗಳು ಗಟ್ಟಿ ದನಿಯಲ್ಲಿರುವುದರಿಂದ ಉದ್ಧರಿಸಲು ಅಂದವಾಗಿ ಕಾಣುತ್ತವೆ. ಹೊಸಬರು ಸೋತ ಪಕ್ಷದ ವಕೀಲರ ವಾಕ್ಯವನ್ನು ಎತ್ತಿ "ಕೋರ್ಟ್ ಹೇಳಿದೆ" ಎಂದು ಬರೆದದ್ದನ್ನು ನಾನು ಹಲವು ಸಲ ತಿದ್ದಿದ್ದೇನೆ. ಹಾಗಾದಾಗ ತೀರ್ಪು ತಲೆಕೆಳಗಾಗುತ್ತದೆ. "ವಾದ ಮಂಡಿಸಿದರು", "ಆಕ್ಷೇಪಿಸಿದರು", "ಗಮನ ಸೆಳೆದರು" ಎಂಬರ್ಥದ ಮಾತುಗಳಿದ್ದರೆ ವಕೀಲರ ದನಿ. "ನಮ್ಮ ಅಭಿಪ್ರಾಯದಲ್ಲಿ", "ಪರಿಗಣಿಸಿದ್ದೇವೆ", "ತೀರ್ಮಾನಕ್ಕೆ ಬಂದಿದ್ದೇವೆ" ಎಂದಿದ್ದರೆ ನ್ಯಾಯಾಲಯದ್ದು. ಹಳೆಯ ತೀರ್ಪಿನಿಂದ ಉದ್ಧರಿಸಿದ ಪ್ಯಾರಾಗಳನ್ನೂ ಬೇರೆಯಾಗಿ ಗುರುತಿಸಿ. ಅದನ್ನು ಒಪ್ಪಲು ಉದ್ಧರಿಸಿದರೋ ತಳ್ಳಿಹಾಕಲು ಉದ್ಧರಿಸಿದರೋ ಎಂಬುದು ಮುಂದಿನ ಪ್ಯಾರಾದಲ್ಲಿ ಗೊತ್ತಾಗುತ್ತದೆ.

ಸಿವಿಲ್ ದಾವೆಯ ವಿಚಾರಣಾ ನ್ಯಾಯಾಲಯದ ತೀರ್ಪಿನಲ್ಲಿ ಕೆಲಸ ಸುಲಭ. ವಿವಾದಾಂಶಗಳನ್ನು ಕ್ರಮವಾಗಿ ಪಟ್ಟಿ ಮಾಡಿ, ಪ್ರತಿಯೊಂದರ ಎದುರು "ಸಕಾರಾತ್ಮಕ", "ನಕಾರಾತ್ಮಕ" ಅಥವಾ "ಭಾಗಶಃ ಸಕಾರಾತ್ಮಕ" ಎಂದು ಉತ್ತರ ಕೊಟ್ಟಿರುತ್ತಾರೆ. ಆ ಪಟ್ಟಿಯೇ ನಿಮ್ಮ ಬರಹದ ಅಸ್ಥಿಪಂಜರ.

ಒಂದಕ್ಕಿಂತ ಹೆಚ್ಚು ನ್ಯಾಯಮೂರ್ತಿಗಳು ಬೇರೆ ಬೇರೆ ಅಭಿಪ್ರಾಯ ಬರೆದಿದ್ದರೆ ಮೊದಲು ತಲೆ ಎಣಿಸಿ. 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳಿದ್ದರು, ತೀರ್ಪು 7:6ರ ಬಹುಮತದ್ದು, ಬರೆದ ಅಭಿಪ್ರಾಯಗಳು 11. ಅಂಥ ಕಡೆ ಭಿನ್ನಮತದ ಸುಂದರ ವಾಕ್ಯವೊಂದನ್ನು ಹಿಡಿದು ಅದೇ ಕಾನೂನು ಎಂದುಬಿಡುವುದು ಸುಲಭ.

ಹಂತ 5: ತೀರ್ಪಿನ ಬೇಲಿಯನ್ನು ಗುರುತಿಸಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು.

ಪ್ರತಿ ತೀರ್ಪೂ ಒಂದು ನಿರ್ದಿಷ್ಟ ಪ್ರಶ್ನೆಗೆ ಉತ್ತರ. ಆ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಲು ಆಗುತ್ತಿಲ್ಲವೆಂದರೆ ತೀರ್ಪು ನಿಮಗೆ ಇನ್ನೂ ಅರ್ಥವಾಗಿಲ್ಲ, ಮತ್ತೆ ಓದಿ. ಪ್ರಶ್ನೆ ಸಿಕ್ಕ ಮೇಲೆ ಉತ್ತರ, ಉತ್ತರಕ್ಕೆ ಕಾರಣ, ಆಮೇಲೆ ಉತ್ತರ ಅನ್ವಯಿಸದ ಜಾಗಗಳು. ಈ ಕೊನೆಯದನ್ನೇ ನಾನು ಬೇಲಿ ಎನ್ನುವುದು.

ಹಿಂದೂ ಕುಟುಂಬಗಳ ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ವಿನೀತಾ ಶರ್ಮಾ ಪ್ರಕರಣವನ್ನು ತೆಗೆದುಕೊಳ್ಳಿ. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. ಪ್ರಶ್ನೆ ಇಷ್ಟೇ: ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರದಿದ್ದರೂ ಮಗಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನ ಸಮನಾದ ಪಾಲು ಉಂಟೇ? ಉತ್ತರ: ಉಂಟು. ಕಾರಣ: ಆ ಹಕ್ಕು ಹುಟ್ಟಿನಿಂದ ಬರುತ್ತದೆ, ತಂದೆಯ ಸಾವಿನಿಂದ ಅಲ್ಲ.

ಇನ್ನು ಬೇಲಿ. ಒಂದು, ಇದು ಹುಟ್ಟಿನಿಂದ ಹಕ್ಕು ಬರುವ ಪಿತ್ರಾರ್ಜಿತ, ಅವಿಭಕ್ತ ಕುಟುಂಬದ ಆಸ್ತಿಗೆ ಸಂಬಂಧಿಸಿದ್ದು. ತಂದೆ ಸ್ವಂತ ಸಂಪಾದನೆಯಿಂದ ಕೊಂಡ ಸ್ವತ್ತು ಈ ಪ್ರಶ್ನೆಯೊಳಗೇ ಬರುವುದಿಲ್ಲ. ತಂದೆ ವಿಲ್ ಬರೆಯದೆ ತೀರಿಕೊಂಡರೆ ಅದರಲ್ಲಿ ಮಗಳಿಗೆ ಪಾಲಿದೆ, ಆದರೆ ಅದು ಬೇರೆ ನಿಯಮದಿಂದ. ಎರಡು, 2004ರ ಡಿಸೆಂಬರ್ 20ಕ್ಕೆ ಮೊದಲೇ ನಡೆದ ಮಾರಾಟ, ವಿಭಾಗ, ವಿಲ್‌ಗಳನ್ನು ಕಾಯ್ದೆಯೇ ಕಾಪಾಡಿದೆ. ಮೂರು, "ಬಾಯಿಮಾತಿನಲ್ಲಿ ಆಗಲೇ ಪಾಲಾಗಿತ್ತು" ಎಂಬ ವಾದವನ್ನು ನ್ಯಾಯಾಲಯ ಸುಲಭಕ್ಕೆ ಒಪ್ಪಬಾರದು, ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಪ್ರಕರಣಗಳಲ್ಲಿ ಮಾತ್ರ ಒಪ್ಪಬಹುದು ಎಂದೂ ಪೀಠ ಹೇಳಿದೆ.

ಕಾನೂನು ಅರಿವು ಶಿಬಿರವೊಂದಕ್ಕೆ ಹೆಣ್ಣುಮಗಳೊಬ್ಬರು ಪತ್ರಿಕೆಯ ತುಣುಕೊಂದನ್ನು ತಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಪಡಿತರ ಚೀಟಿಯ ಜೊತೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು, ಮಡಿಕೆ ಬಿದ್ದ ಕಡೆ ಅಕ್ಷರ ಅಳಿಸಿಹೋಗಿತ್ತು. ಉಳಿದದ್ದು ತಲೆಬರಹ: ತಂದೆಯ ಆಸ್ತಿಯಲ್ಲಿ ಮಗಳಿಗೂ ಸಮಪಾಲು. ಅದನ್ನು ನಂಬಿ ಅವರು ದಾವೆ ಹೂಡಿ ಎರಡು ವರ್ಷವಾಗಿತ್ತು. ಅವರ ತಂದೆ ಕೂಲಿ ಮಾಡಿ ಕೂಡಿಸಿದ ದುಡ್ಡಿನಲ್ಲಿ ಸೈಟು ಕೊಂಡು, ಅದನ್ನು ಮಗನ ಹೆಸರಿಗೆ ನೋಂದಾಯಿತ ವಿಲ್ ಬರೆದಿದ್ದರು. ತುಣುಕನ್ನು ನಾನು ಮೂರು ಸಲ ಓದಿದೆ. "ಸ್ವಯಾರ್ಜಿತ ಆಸ್ತಿಗೆ ಇದು ಅನ್ವಯಿಸುವುದಿಲ್ಲ" ಎಂಬ ಸಾಲು ಎಲ್ಲೂ ಇರಲಿಲ್ಲ. ಅಂದಿನಿಂದ ನಾನು ಬೇಲಿಯ ಪ್ಯಾರಾ ಇಲ್ಲದ ಬರಹವನ್ನು ಮುಂದಕ್ಕೆ ಕಳಿಸುವುದಿಲ್ಲ.

ಹಂತ 6: ತೀರ್ಪು ಇವತ್ತಿಗೂ ಜೀವಂತವಿದೆಯೇ ನೋಡಿ

ತೀರ್ಪನ್ನು ಅರ್ಥ ಮಾಡಿಕೊಂಡರೆ ಸಾಲದು, ಅದು ಇನ್ನೂ ನಿಂತಿದೆಯೇ ಎಂದು ನೋಡಬೇಕು. ಮೇಲಿನ ಪ್ರಶ್ನೆಗೇ 2015ರ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರ ಪೀಠ ತದ್ವಿರುದ್ಧ ಉತ್ತರ ಕೊಟ್ಟಿತ್ತು: ತಿದ್ದುಪಡಿ ಬಂದ ದಿನ ತಂದೆ, ಮಗಳು ಇಬ್ಬರೂ ಬದುಕಿರಬೇಕು ಎಂದಿತ್ತು. 2020ರ ತೀರ್ಪು ಅದನ್ನು ತಳ್ಳಿಹಾಕಿತು. ಹಳೆಯದನ್ನು ಆಧರಿಸಿದ ಬರಹಗಳು ಮಾತ್ರ ಜಾಲದಲ್ಲಿ ಹಾಗೇ ಉಳಿದಿವೆ, ಹುಡುಕಿದವರಿಗೆ ಮೊದಲು ಸಿಗುವುದೂ ಕೆಲವೊಮ್ಮೆ ಅವೇ.

ಶಾಸಕಾಂಗ ಕಾನೂನನ್ನೇ ಬದಲಿಸಿರಬಹುದು. ವಿಚ್ಛೇದಿತ ಮುಸ್ಲಿಂ ಮಹಿಳೆಯ ಜೀವನಾಂಶದ ಶಾ ಬಾನೋ ಪ್ರಕರಣದ 1985ರ ತೀರ್ಪಿನ ಬಗ್ಗೆ ಬರೆಯುವವರು 1986ರ ಕಾಯ್ದೆಯನ್ನೂ, ಆ ಕಾಯ್ದೆಯನ್ನು ಅರ್ಥೈಸಿದ 2001ರ ಡೇನಿಯಲ್ ಲತೀಫಿ ತೀರ್ಪನ್ನೂ ಬಿಟ್ಟರೆ ಕಥೆಯ ಮೂರರಲ್ಲಿ ಒಂದು ಭಾಗ ಹೇಳಿದಂತೆ.

ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರೆ ಅದು ಇತ್ಯರ್ಥವಲ್ಲ. ಹಿಜಾಬ್ ಪ್ರಕರಣದಲ್ಲಿ 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಆದದ್ದು ಅದೇ. ಒಬ್ಬರು ಮೇಲ್ಮನವಿಗಳನ್ನು ವಜಾ ಮಾಡಿದರು, ಇನ್ನೊಬ್ಬರು ಪುರಸ್ಕರಿಸಿದರು, ದೊಡ್ಡ ಪೀಠದ ರಚನೆಗಾಗಿ ವಿಷಯ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು. ಅಂದು ಯಾವ ಕಡೆಯವರು ಗೆದ್ದರೆಂದು ಬರೆದಿದ್ದರೂ ತಪ್ಪೇ.

ಇನ್ನೊಂದು ಹೊಂಡವಿದೆ, ಅನುಭವಿಗಳೂ ಬೀಳುತ್ತಾರೆ. ಮೇಲ್ಮನವಿಗೆ ಅನುಮತಿ ಕೋರಿ ಸಂವಿಧಾನದ 136ನೇ ವಿಧಿಯಡಿ ಸಲ್ಲಿಸಿದ ವಿಶೇಷ ಅನುಮತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ ಕಾರಣ ನೀಡದೆ ಒಂದೇ ಸಾಲಿನಲ್ಲಿ ವಜಾ ಮಾಡಿದಾಗ "ಹೈಕೋರ್ಟ್ ತೀರ್ಪು ಎತ್ತಿಹಿಡಿದ ಸುಪ್ರೀಂ ಕೋರ್ಟ್" ಎಂದು ಬರುತ್ತದೆ. ಅದು ಎತ್ತಿಹಿಡಿದದ್ದಲ್ಲ, ಮಧ್ಯಪ್ರವೇಶಿಸಲು ಒಲ್ಲೆ ಎಂದದ್ದು. 2000ದ ಕುಂಞಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಇದನ್ನು ಬಿಡಿಸಿ ಹೇಳಿದೆ.

ಕ್ರಿಮಿನಲ್ ಪ್ರಕರಣಗಳಲ್ಲಿ ದಿನಾಂಕ ನೋಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಯ ಶಿಕ್ಷೆಗೆ ಹಿಂದೆ ದಂಡ ಸಂಹಿತೆಯ 302ನೇ ಕಲಂ ಇತ್ತು, ಈಗ ಹೊಸ ಸಂಹಿತೆಯ 103. ಜನರ ಬಾಯಲ್ಲಿ ಗಾದೆಯಾಗಿಹೋದ 420 ಈಗ 318ರಲ್ಲಿದೆ. 2024ರ ಜುಲೈ 1ಕ್ಕೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯವಾಗುವುದರಿಂದ ಎರಡೂ ಸಂಖ್ಯೆಗಳು ಇನ್ನೂ ಬಹಳ ಕಾಲ ಜೊತೆಜೊತೆಗೆ ಕಾಣಿಸುತ್ತವೆ. ಎರಡನ್ನೂ ಕೊಡಿ.

ಹಂತ 7: ಪದಗಳನ್ನು ಬಿಡಿಸಿ

ಎಲ್ಲ ಪಾರಿಭಾಷಿಕ ಪದವನ್ನೂ ಕಿತ್ತೆಸೆಯಬೇಡಿ. ನಾಳೆ ಓದುಗ ಕೋರ್ಟಿಗೆ ಹೋದಾಗ ಶಿರಸ್ತೇದಾರರು "ವಕಾಲತ್ತು", "ಪ್ರಮಾಣಪತ್ರ", "ದೃಢೀಕೃತ ನಕಲು" ಎಂದೇ ಕೇಳುತ್ತಾರೆ. ಹಾಗಾಗಿ ಕಚೇರಿಯಲ್ಲಿ ಕಿವಿಗೆ ಬೀಳುವ ಪದವನ್ನು ಇಟ್ಟುಕೊಂಡು ಮೊದಲ ಸಲ ಬಂದಾಗ ಅದೇ ವಾಕ್ಯದಲ್ಲಿ ಅರ್ಥ ಹೇಳಿ. ಹೊಸ ಸಂಸ್ಕೃತ ಪದ ಟಂಕಿಸಲು ಹೋಗಬೇಡಿ. "ಡಿಕ್ರಿ" ಎಂದರೆ ಹಳ್ಳಿಯ ರೈತನಿಗೆ ಗೊತ್ತು. "ಆಜ್ಞಪ್ತಿ" ಎಂದರೆ ಯಾರಿಗೂ ಗೊತ್ತಿಲ್ಲ.

ಹೆಚ್ಚು ಹಾನಿ ಮಾಡುವುದು ಕಷ್ಟದ ಪದಗಳಲ್ಲ, ಒಂದೇ ಎಂದು ಕಾಣುವ ಪದಗಳು.

ಆರೋಪಿ ಮತ್ತು ಅಪರಾಧಿ. ನ್ಯಾಯಾಲಯ ದೋಷಿ ಎಂದು ತೀರ್ಮಾನಿಸುವವರೆಗೆ ಆರೋಪಿ. ಬಂಧನ, ಆರೋಪಪಟ್ಟಿ, ಜಾಮೀನು ನಿರಾಕರಣೆ ಯಾವುದೂ ಈ ಪದವನ್ನು ಬದಲಿಸುವುದಿಲ್ಲ.

ಖುಲಾಸೆ, ಆರೋಪದಿಂದ ಕೈಬಿಡುವುದು, ಪ್ರಕರಣ ರದ್ದು. ವಿಚಾರಣೆ ಪೂರ್ತಿ ನಡೆದು ಆರೋಪ ಸಾಬೀತಾಗದಿದ್ದರೆ ಖುಲಾಸೆ. ವಿಚಾರಣೆ ನಡೆಸುವಷ್ಟು ಆಧಾರವೇ ಇಲ್ಲವೆಂದು ಮೊದಲೇ ಬಿಟ್ಟರೆ ಎರಡನೆಯದು. ಎಫ್‌ಐಆರ್ ಅಥವಾ ಕಲಾಪವನ್ನೇ ಹೈಕೋರ್ಟ್ ತೆಗೆದುಹಾಕಿದರೆ ಮೂರನೆಯದು. ಸುದ್ದಿಯಲ್ಲಿ ಮೂರಕ್ಕೂ "ಕ್ಲೀನ್ ಚಿಟ್" ಎಂದು ಬರೆಯುತ್ತಾರೆ.

ತಡೆಯಾಜ್ಞೆ. ಕೆಳಗಿನ ನ್ಯಾಯಾಲಯದ ಆದೇಶ ಜಾರಿಯಾಗದಂತೆ ಮೇಲಿನ ನ್ಯಾಯಾಲಯ ನಿಲ್ಲಿಸುವುದಕ್ಕೂ, ಎದುರಿನವರು ಜಾಗಕ್ಕೆ ಕಾಲಿಡದಂತೆ ಅಥವಾ ಮಾರದಂತೆ ನಿರ್ಬಂಧಿಸುವುದಕ್ಕೂ ಕನ್ನಡದಲ್ಲಿ ಇದೊಂದೇ ಪದ ಓಡಾಡುತ್ತಿದೆ. ಯಾವುದು ಎಂದು ವಾಕ್ಯದಲ್ಲೇ ಹೇಳಿ: "ಜಮೀನು ಮಾರಬಾರದೆಂದು ತಡೆಯಾಜ್ಞೆ", "ಡಿಕ್ರಿಯ ಜಾರಿಗೆ ತಡೆಯಾಜ್ಞೆ".

ವಜಾ ಮತ್ತು ವಿಲೇವಾರಿ. ವಜಾ ಎಂದರೆ ಕೇಳಿದ್ದನ್ನು ಕೊಡಲಿಲ್ಲ. ವಿಲೇವಾರಿ ಎಂದರೆ ಕಡತ ಮುಗಿಯಿತು ಎಂದಷ್ಟೇ. ಕೇಳಿದ್ದು ಸಿಕ್ಕಿರಬಹುದು, ಅಧಿಕಾರಿಯ ಬಳಿ ಮನವಿ ಕೊಡಿ ಎಂದು ಕಳಿಸಿರಲೂಬಹುದು.

ಸುಪ್ರೀಂ ಕೋರ್ಟಿನ ಎಷ್ಟೋ ತೀರ್ಪುಗಳು "ಲೀವ್ ಗ್ರಾಂಟೆಡ್" ಎಂದು ಶುರುವಾಗುತ್ತವೆ. ಮೇಲ್ಮನವಿ ಸಲ್ಲಿಸಲು ಅನುಮತಿ ಕೊಟ್ಟಿದೆ ಎಂದು ಅದರರ್ಥ. ಮೇಲ್ಮನವಿ ಗೆದ್ದಿದೆ ಎಂದಲ್ಲ.

ಹಂತ 8: ಈಗ ಬರೆಯಿರಿ, ಈ ಕ್ರಮದಲ್ಲಿ

ಮೊದಲ ಪ್ಯಾರಾದಲ್ಲಿ ಆದೇಶ ಮತ್ತು ಅದರಿಂದ ಬದಲಾದದ್ದು. ಎರಡನೆಯದರಲ್ಲಿ ಇದು ಯಾರಿಗೆ ಅನ್ವಯ, ಯಾರಿಗೆ ಅಲ್ಲ. ಆಮೇಲೆ ನಡೆದ ಕಥೆ, ಪ್ರಶ್ನೆ, ಕಾರಣ. ಕೊನೆಯಲ್ಲಿ ಮುಂದಿನ ದಾರಿ ಮತ್ತು ಗಡುವು. ತೀರ್ಪು ಕಥೆಯಿಂದ ಶುರುವಾಗುತ್ತದೆಂದು ನೀವೂ ಕಥೆಯಿಂದ ಶುರು ಮಾಡಬೇಡಿ. ಮೊಬೈಲ್ ಪರದೆಯಲ್ಲಿ ಓದುವವರು ಬೇಲಿ ಬರುವಷ್ಟರಲ್ಲಿ ಹೊರಟುಹೋಗಿರುತ್ತಾರೆ.

ಹಂತ 3ರ ಆದೇಶ ಹೀಗಾಗುತ್ತದೆ: "ಜಮೀನಿನಲ್ಲಿ ನಾಲ್ಕರಲ್ಲಿ ಒಂದು ಪಾಲು ಮಗಳದು ಎಂದು ನ್ಯಾಯಾಲಯ ತೀರ್ಮಾನಿಸಿದೆ. ಮನೆಯಲ್ಲಿ ಪಾಲು ಕೊಡಲು ಒಪ್ಪಿಲ್ಲ. ಜಮೀನು ಇನ್ನೂ ಅವರ ಕೈಗೆ ಬಂದಿಲ್ಲ. ಅಳೆದು ಬೇರೆ ಮಾಡಿಸಿಕೊಳ್ಳಲು ಅಂತಿಮ ಡಿಕ್ರಿಯ ಪ್ರಕ್ರಿಯೆ ನಡೆಯಬೇಕು. ತೀರ್ಪು ಒಪ್ಪಿಗೆಯಾಗದ ಯಾವ ಪಕ್ಷವಾದರೂ ಮೇಲ್ಮನವಿ ಸಲ್ಲಿಸಬಹುದು." ಕಾನೂನಿನ ಭಾಷೆಯಲ್ಲಿದ್ದ ಐದು ವಾಕ್ಯ, ಮಾತಿನ ಭಾಷೆಯಲ್ಲೂ ಐದು ವಾಕ್ಯ. ಏನೂ ಕಳೆದಿಲ್ಲ ಎಂದುಕೊಳ್ಳುವ ಮುನ್ನ ಹೋಲಿಸಿ: ವೆಚ್ಚದ ಮಾತು ಬಿಟ್ಟುಹೋಗಿದೆ. ಬೇಕೆಂದೇ ಬಿಟ್ಟೆ, ಈ ಆದೇಶದಿಂದ ಯಾರೂ ಯಾರಿಗೂ ಹಣ ಕೊಡಬೇಕಿಲ್ಲ. ಹೀಗೆ ಬಿಟ್ಟ ಪ್ರತಿಯೊಂದಕ್ಕೂ ನಿಮ್ಮಲ್ಲಿ ಕಾರಣವಿರಲಿ.

ಗಡುವುಗಳನ್ನು ಅಂಕಿಯಲ್ಲೇ ಕೊಡಿ. ಸಿವಿಲ್ ಡಿಕ್ರಿಯ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿಗೆ 90 ದಿನ, ಇತರ ನ್ಯಾಯಾಲಯಕ್ಕೆ 30 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ಕಾಲವನ್ನು ಇದರಿಂದ ಕಳೆಯಲಾಗುತ್ತದೆ. ಚೆಕ್ ಅಮಾನ್ಯವಾದ ಪ್ರಕರಣದಲ್ಲಿ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು 15 ದಿನ, ಆ ಅವಧಿ ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು. ನೀವು ಬರೆದ ಇಡೀ ಲೇಖನದಲ್ಲಿ ಓದುಗನ ಹಕ್ಕನ್ನು ಉಳಿಸುವುದು ಒಮ್ಮೊಮ್ಮೆ ಇಂಥ ಒಂದು ಅಂಕಿಯೇ.

ಪ್ರತಿ ವಾಕ್ಯದ ಎದುರೂ ಕರಡಿನಲ್ಲಿ ತೀರ್ಪಿನ ಪ್ಯಾರಾ ಸಂಖ್ಯೆ ಹಾಕಿ. ಸಂಖ್ಯೆ ಸಿಗದ ವಾಕ್ಯ ನಿಮ್ಮ ಊಹೆ. ಅದನ್ನು ತೆಗೆಯಿರಿ, ಇಲ್ಲವೇ "ನನ್ನ ಅಭಿಪ್ರಾಯದಲ್ಲಿ" ಎಂದು ಸೇರಿಸಿ. "ಐತಿಹಾಸಿಕ", "ಮಹತ್ವದ", "ಸಂಚಲನ ಮೂಡಿಸಿದ" ಎಂಬ ವಿಶೇಷಣಗಳಿಗೂ ಪ್ಯಾರಾ ಸಂಖ್ಯೆ ಸಿಗುವುದಿಲ್ಲ.

ಹಂತ 9: ಹೆಸರು, ಟೀಕೆ, ಸಲಹೆ

ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಂ ಇನ್ನೂ ಕಟ್ಟುನಿಟ್ಟು. ಗುರುತು ಎಂದರೆ ಹೆಸರು ಮಾತ್ರವಲ್ಲ. ಊರು, ಶಾಲೆ, ತಂದೆಯ ಉದ್ಯೋಗ ಮೂರನ್ನೂ ಬರೆದು ಹೆಸರೊಂದನ್ನೇ ಮರೆಮಾಚಿದರೆ ಇಡೀ ಊರಿಗೆ ಹುಡುಗಿ ಯಾರೆಂದು ಗೊತ್ತಾಗುತ್ತದೆ. ವಿಚ್ಛೇದನ, ಮಕ್ಕಳ ಪಾಲನೆಯ ಪ್ರಕರಣಗಳಲ್ಲೂ ನಾನು ಹೆಸರು ಬಿಡುತ್ತೇನೆ. "ಪತ್ನಿ", "ಪತಿ" ಎಂದರೆ ವಿಷಯ ತಿಳಿಯಲು ಸಾಕು.

ತೀರ್ಪನ್ನು ಟೀಕಿಸಬಹುದೇ ಎಂದು ಹಲವರು ಅಳುಕುತ್ತಾರೆ. ನ್ಯಾಯಾಂಗ ನಿಂದನೆ ಕಾಯ್ದೆ, 1971ರ 4ನೇ ಕಲಂ ಕಲಾಪದ ನ್ಯಾಯಯುತ ಮತ್ತು ನಿಖರ ವರದಿಗೂ, 5ನೇ ಕಲಂ ಇತ್ಯರ್ಥವಾದ ಪ್ರಕರಣದ ಬಗ್ಗೆ ನ್ಯಾಯಯುತ ಟೀಕೆಗೂ ರಕ್ಷಣೆ ಕೊಡುತ್ತವೆ. ತೀರ್ಪಿನ ತರ್ಕವನ್ನು ಪ್ರಶ್ನಿಸಿ, ನ್ಯಾಯಾಧೀಶರ ಉದ್ದೇಶಕ್ಕೆ ಕೈ ಹಾಕಬೇಡಿ. ವಿವರಣೆ ಮತ್ತು ಟೀಕೆಯನ್ನು ಒಂದೇ ಪ್ಯಾರಾದಲ್ಲಿ ಬೆರೆಸಲೂ ಬೇಡಿ.

ಓದುಗರು "ನನ್ನದೂ ಇದೇ ಕೇಸು" ಎಂದು ಬರೆಯುತ್ತಾರೆ. ಬರಹದಿಂದ ಸಲಹೆಗೆ ಜಾರಬೇಡಿ. ಅವರ ಕಡತ ನೀವು ನೋಡಿಲ್ಲ. ಎಲ್ಲಿ ಹೋಗಬೇಕೆಂದು ಹೇಳಿ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳ ಆವರಣದಲ್ಲೇ ಇದರ ಕಚೇರಿಗಳಿವೆ, ಸಹಾಯವಾಣಿ 15100. ಈ ಸಂಖ್ಯೆಯನ್ನು ಪ್ರತಿ ಬರಹದ ಕೆಳಗೂ ಹಾಕಿ.

ಹಂತ 10: ಓದಿಸಿ, ಹಿಂದಕ್ಕೆ ಕೇಳಿ

ಕಾನೂನು ಓದಿರದ ನಿಮ್ಮ ಓದುಗನನ್ನು ಈಗ ಕರೆಯಿರಿ. ಬರಹವನ್ನು ಗಟ್ಟಿಯಾಗಿ ಓದಿ ಹೇಳಿ, ಹಾಳೆ ಕೊಡಬೇಡಿ. "ಅರ್ಥವಾಯಿತೇ" ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. "ಈ ತೀರ್ಪಿನಿಂದ ನಿಮ್ಮ ಅಕ್ಕನಿಗೆ ಏನಾಗುತ್ತದೆ?" ಎಂದು ಕೇಳಿ. ಅವರು ಬಾಯಿಬಿಟ್ಟು ಹೇಳುವುದನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ. ಅದು ಹಂತ 3ರಲ್ಲಿ ನೀವು ಕೈಯಾರೆ ಬರೆದುಕೊಂಡ ಆದೇಶಕ್ಕೆ ಹೊಂದದಿದ್ದರೆ ತಪ್ಪು ನಿಮ್ಮ ಬರಹದ್ದು. ಎಷ್ಟೋ ಸಲ ಅವರು ಬಳಸಿದ ಪದವೇ ನೀವು ಹುಡುಕುತ್ತಿದ್ದ ಪದವಾಗಿರುತ್ತದೆ, ಅದನ್ನೇ ಹಾಕಿ.

ಪ್ರಕಟಿಸಿದ ಮೇಲೆ ಪ್ರಕರಣದ ಸಂಖ್ಯೆ, ಮೇಲ್ಮನವಿಯ ಗಡುವು ಮುಗಿಯುವ ದಿನ ಎರಡನ್ನೂ ಡೈರಿಯಲ್ಲಿ ಬರೆದಿಟ್ಟು ಆ ದಿನ ಮತ್ತೆ ನೋಡಿ. ಮೇಲಿನ ನ್ಯಾಯಾಲಯ ತಡೆ ಕೊಟ್ಟಿದ್ದರೆ ಅಥವಾ ತೀರ್ಪನ್ನು ಬದಲಿಸಿದ್ದರೆ ಹಳೆಯ ಬರಹವನ್ನು ಅಳಿಸಬೇಡಿ. ತಲೆಬರಹದ ಕೆಳಗೇ, ಮೊದಲ ಸಾಲಿಗಿಂತ ಮೇಲೆ, ದಿನಾಂಕ ಹಾಕಿ ಬದಲಾವಣೆಯನ್ನು ಬರೆಯಿರಿ. ಬರಹವನ್ನು ಕತ್ತರಿಸಿಯೋ ಮುದ್ರಿಸಿಯೋ ಇಟ್ಟುಕೊಳ್ಳುವವರು ಇರುವುದರಿಂದ, ಮೊದಲ ಸಲ ಪ್ರಕಟಿಸುವಾಗಲೇ "ಈ ಮಾಹಿತಿ ಇಂಥ ದಿನಾಂಕದವರೆಗಿನದು" ಎಂಬ ಸಾಲು ಅಲ್ಲಿರಬೇಕು. ಅದನ್ನು ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಬೇಡಿ. ತಲೆಬರಹಕ್ಕೆ ಅಂಟಿಕೊಂಡೇ, ಮಡಿಚಿದರೂ ಅಳಿಸದ ಜಾಗದಲ್ಲಿ ಹಾಕಿ.